ಮೇಜಿನ ಮೇಲುಳಿದ ಸನ್ನದುಗಳು

ಕ್ರಿ.ಶ. 1801ರ ವಸಂತದಲ್ಲಿ ಅಮೆರಿಕದ ವಾಷಿಂಗ್ಟನ್ ನಗರಕ್ಕೆ ರಾಜಧಾನಿಯೆಂಬ ಹೆಸರು ಬಂದಿತ್ತೇ ಹೊರತು ಕಳೆ ಬಂದಿರಲಿಲ್ಲ. ಸಂಸತ್ ಭವನದ ಉತ್ತರ ಪಾರ್ಶ್ವ ಮಾತ್ರ ಎದ್ದಿತ್ತು. ಅಧ್ಯಕ್ಷರ ಮಂದಿರದಲ್ಲಿ ಇನ್ನೂ ಕೆಲಸ ಸಾಗಿತ್ತು. ಸರ್ವೋಚ್ಚ ನ್ಯಾಯಾಲಯಕ್ಕಂತೂ ಸ್ವಂತ ಸೂರೇ ಇಲ್ಲ. ಸಂಸತ್ ಭವನದ ಕೆಳ ಅಂತಸ್ತಿನ ಒಂದು ಸಮಿತಿ ಕೊಠಡಿಯನ್ನು ಅದಕ್ಕೆ ಬಿಟ್ಟುಕೊಟ್ಟಿದ್ದರು. ಆ ಕಾಲದಲ್ಲಿ ನ್ಯಾಯಾಂಗಕ್ಕಿದ್ದ ಮರ್ಯಾದೆ ಅಷ್ಟೇ.

ಅಧ್ಯಕ್ಷ ಜಾನ್ ಆಡಮ್ಸ್ ಚುನಾವಣೆಯಲ್ಲಿ ಸೋತಿದ್ದರು. ಅವರ ಫೆಡರಲಿಸ್ಟ್ ಪಕ್ಷದ ಕೈಯಿಂದ ಸಂಸತ್ತೂ ಜಾರಿತ್ತು. ಗೆದ್ದ ಥಾಮಸ್ ಜೆಫರ್ಸನ್ ಮಾರ್ಚ್ 4ರಂದು ಪಟ್ಟವೇರುವವರಿದ್ದರು. ಸೋತವರು ಉಳಿದ ದಿನಗಳನ್ನು ವ್ಯರ್ಥಮಾಡಲಿಲ್ಲ. ಫೆಬ್ರವರಿ 13ರಂದು ಕಾನೂನೊಂದನ್ನು ತಂದು 16 ಹೊಸ ನ್ಯಾಯಾಧೀಶ ಹುದ್ದೆಗಳನ್ನು ಹುಟ್ಟಿಸಿದರು. ಇನ್ನೆರಡು ವಾರಕ್ಕೆ ಮತ್ತೊಂದು ಕಾನೂನು ಬಂತು. ಅದರಡಿ ರಾಜಧಾನಿ ಪ್ರಾಂತ್ಯಕ್ಕೆ ಆಡಮ್ಸ್ 42 ಮಂದಿ ಶಾಂತಿಪಾಲಕ ಮ್ಯಾಜಿಸ್ಟ್ರೇಟರನ್ನು ಹೆಸರಿಸಿದರು. ಸಂಬಳವಿಲ್ಲ, ಶುಲ್ಕ ಮಾತ್ರ. ಅವಧಿ 5 ವರ್ಷ. ಅಂಥ ಸಣ್ಣ ಹುದ್ದೆಯೊಂದಕ್ಕಾಗಿ ದೇಶದ ಸಂವಿಧಾನವೇ ಕಟಕಟೆ ಹತ್ತೀತೆಂದು ಯಾರೂ ಎಣಿಸಿರಲಿಲ್ಲ.

ಅಂದಿನ ದಫ್ತರದ ಕ್ರಮ ಹೀಗಿತ್ತು: ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು, ಅಧ್ಯಕ್ಷರು ನೇಮಕದ ಸನ್ನದಿಗೆ ರುಜು ಹಾಕಬೇಕು. ಆಮೇಲೆ ವಿದೇಶಾಂಗ ಕಾರ್ಯದರ್ಶಿ ಅದಕ್ಕೆ ರಾಷ್ಟ್ರದ ಮಹಾಮೊಹರನ್ನು ಒತ್ತಿಸಿ ನೇಮಕಗೊಂಡವರಿಗೆ ಮುಟ್ಟಿಸಬೇಕು. ಆ ಕಾರ್ಯದರ್ಶಿ ವರ್ಜೀನಿಯಾದ ಜಾನ್ ಮಾರ್ಷಲ್. ವಿಚಿತ್ರವೆಂದರೆ ಫೆಬ್ರವರಿ 4ರಿಂದ ಮುಖ್ಯ ನ್ಯಾಯಮೂರ್ತಿಯೂ ಅವರೇ. ಆಡಳಿತ ಮುಗಿಯುವ ತನಕ ಎರಡೂ ಪೀಠಗಳಲ್ಲಿ ಒಬ್ಬರೇ ಕುಳಿತಿದ್ದರು.

ಮಾರ್ಚ್ 3ರಂದು ಸೆನೆಟ್ ಒಪ್ಪಿತು, ಆಡಮ್ಸ್ ರುಜು ಹಾಕಿದರು, ಮೊಹರು ಬಿತ್ತು. ಮರುದಿನ ಮಾರ್ಷಲ್ ಅವರ ತಮ್ಮ ಜೇಮ್ಸ್, ಅಲೆಕ್ಸಾಂಡ್ರಿಯಾ ಕಡೆಯವರ ಸನ್ನದುಗಳನ್ನು ತಾನೇ ಒಯ್ಯಲು ದಫ್ತರಕ್ಕೆ ಬಂದರು. ಎಲ್ಲವನ್ನೂ ಹೊರುವುದು ಅನುಕೂಲವಲ್ಲವೆನಿಸಿ ಕೆಲವನ್ನು ಹಿಂದಿರುಗಿಸಿದರು. ಹಾಗೆ ಹಿಂದುಳಿದವುಗಳಲ್ಲಿ ರಾಬರ್ಟ್ ಹೂ, ವಿಲಿಯಂ ಹಾರ್ಪರ್ ಅವರ ಸನ್ನದುಗಳೂ ಇದ್ದವು. ಜಾರ್ಜ್‌ಟೌನಿನ ಸಿರಿವಂತ ವಿಲಿಯಂ ಮಾರ್ಬರಿಯ ಸನ್ನದೂ ದಫ್ತರ ಬಿಟ್ಟು ಹೊರಡಲಿಲ್ಲ. ಅಂದು ಬೆಳಕು ಹರಿಯುವ ಮೊದಲೇ ಆಡಮ್ಸ್ ಊರು ಬಿಟ್ಟಿದ್ದರು. ಮಧ್ಯಾಹ್ನ ಮಾರ್ಷಲ್ ಅವರೇ ಜೆಫರ್ಸನ್‌ಗೆ ಪ್ರಮಾಣವಚನ ಬೋಧಿಸಿದರು. ಮುಟ್ಟದೆ ಉಳಿದ ಸನ್ನದುಗಳನ್ನು ಕಂಡ ಹೊಸ ಅಧ್ಯಕ್ಷರು, ಇವನ್ನು ಕೊಡಕೂಡದು ಎಂದರು. ಹಾಗೆಂದು ಅವರೇನೂ ಪಟ್ಟಿಯನ್ನು ಪೂರ್ತಿ ಹರಿದು ಹಾಕಲಿಲ್ಲ. ಹುದ್ದೆಗಳನ್ನು 30ಕ್ಕೆ ಇಳಿಸಿ, ಆಡಮ್ಸ್ ಹೆಸರಿಸಿದವರಲ್ಲೇ ಬಹುಮಂದಿಯನ್ನು ಉಳಿಸಿಕೊಂಡರು. ಮಾರ್ಬರಿಗೆ ಮಾತ್ರ ಆ ಭಾಗ್ಯ ಇರಲಿಲ್ಲ.

ಡಿಸೆಂಬರಿನಲ್ಲಿ ಮಾರ್ಬರಿ, ಹೂ, ಹಾರ್ಪರ್ ಮತ್ತು ಇನ್ನೊಬ್ಬರು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಹೊಸ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ ತಮ್ಮ ಸನ್ನದುಗಳನ್ನು ಕೊಡುವಂತೆ ಮ್ಯಾಂಡಮಸ್ ಆಜ್ಞೆ ಹೊರಡಿಸಬೇಕೆಂಬುದು ಪ್ರಾರ್ಥನೆ. ಜೆಫರ್ಸನ್ ಪಕ್ಷದ ಸಂಸತ್ತು ಸುಮ್ಮನಿರಲಿಲ್ಲ. 1802ರಲ್ಲಿ ಆ 16 ಹುದ್ದೆಗಳನ್ನು ಸೃಷ್ಟಿಸಿದ್ದ ಕಾನೂನನ್ನೇ ರದ್ದುಮಾಡಿ, ನ್ಯಾಯಾಲಯದ ಅಧಿವೇಶನವನ್ನೂ 1803ರ ಫೆಬ್ರವರಿಗೆ ತಳ್ಳಿತು. ಸುಮಾರು 14 ತಿಂಗಳು ದೇಶದ ಅತ್ಯುನ್ನತ ಪೀಠ ಕಲೆಯಲೇ ಇಲ್ಲ.

ಕೊನೆಗೂ ವಿಚಾರಣೆ ನಡೆದಾಗ ಮ್ಯಾಡಿಸನ್ ಬರಲಿಲ್ಲ, ವಕೀಲರನ್ನೂ ಕಳಿಸಲಿಲ್ಲ. ಸಾಕ್ಷಿಗೆ ಕರೆಸಿದ ದಫ್ತರದ ಗುಮಾಸ್ತರು ಕಚೇರಿಯ ಗುಟ್ಟು ಬಿಡೆವೆಂದು ಹಿಂಜರಿದರು. ಸನ್ನದುಗಳು ಉಳಿದಿದ್ದಾಗ ತಾತ್ಕಾಲಿಕ ಕಾರ್ಯದರ್ಶಿಯಾಗಿದ್ದ ಲೆವೈ ಲಿಂಕನ್ ಈಗ ಅಟಾರ್ನಿ ಜನರಲ್. ಅವರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ ಎಂದರು, ಯೋಚಿಸಲು ಮರುದಿನದವರೆಗೆ ಸಮಯ ಪಡೆದರು. ಆ ಕಾಗದಗಳು ಕೊನೆಗೆ ಏನಾದವೆಂಬುದಕ್ಕಂತೂ ಉತ್ತರ ಬರಲಿಲ್ಲ. ಸನ್ನದುಗಳು ಇದ್ದದ್ದು ನಿಜವೆಂದು ಪ್ರಮಾಣಪತ್ರ ಕೊಟ್ಟವರು ಜೇಮ್ಸ್ ಮಾರ್ಷಲ್. ತಲುಪಿಸದೆ ಹೋದವರು ಅಣ್ಣ, ಸಾಕ್ಷಿ ತಮ್ಮ, ತೀರ್ಪುಗಾರ ಮತ್ತೆ ಅಣ್ಣ! ಇಂದಾಗಿದ್ದರೆ ಮೊದಲ ದಿನವೇ ಪೀಠ ಬಿಟ್ಟಿಳಿಯಬೇಕಾಗಿತ್ತು.

ಮಾರ್ಷಲ್ ಎದುರಿಗೆ ಇದ್ದದ್ದು ಇಕ್ಕಟ್ಟು. ಆಜ್ಞೆ ಕೊಟ್ಟರೆ ಜೆಫರ್ಸನ್ ಅದನ್ನು ಕಾಲ ಕಸ ಮಾಡುವುದು ಖಚಿತ; ಕೊಡದಿದ್ದರೆ ಹೆದರಿದರೆಂಬ ಅಪಕೀರ್ತಿ. 1803ರ ಫೆಬ್ರವರಿ 24ರಂದು ಅವರು ಓದಿದ ಸರ್ವಾನುಮತದ ತೀರ್ಪು ಈ ಎರಡರ ನಡುವೆ ಮೂರನೆಯ ದಾರಿ ತೆಗೆಯಿತು. ರುಜುವಾಗಿ ಮೊಹರು ಬಿದ್ದಮೇಲೆ ಹುದ್ದೆ ಮಾರ್ಬರಿಯದೇ, ಮುಟ್ಟಿಸುವುದು ಬರೀ ಉಪಚಾರ ಎಂದಿತು. ಅಧ್ಯಕ್ಷರ ವಿವೇಚನೆಗೆ ಬಿಟ್ಟ ರಾಜಕೀಯ ಕಾರ್ಯದಲ್ಲಿ ಕಾರ್ಯದರ್ಶಿ ಅಧ್ಯಕ್ಷರ ಆಳು. ಆದರೆ ಕಾನೂನೇ ಕರ್ತವ್ಯ ವಿಧಿಸಿದ ಕಡೆ ಅವನು ಕಾನೂನಿನ ಆಳು, ಅಲ್ಲಿ ನ್ಯಾಯಾಲಯ ಅವನನ್ನು ಕೇಳಬಹುದು ಎಂದಿತು. ನನ್ನ ಮಟ್ಟಿಗೆ ತೀರ್ಪಿನ ಹೆಚ್ಚು ಬಾಳಿದ ಮಾತು ಇದೇ. ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೆ ನಮ್ಮ ಹೈಕೋರ್ಟಿನಲ್ಲಿ ರಿಟ್ ಹಾಕುವವರಿಗೂ ಇದರ ತಿರುಳು ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೆ ತೀರ್ಪು ಹಿಂದೆ ತಿರುಗಿತು. ಸಂವಿಧಾನದ ಪ್ರಕಾರ ಸರ್ವೋಚ್ಚ ನ್ಯಾಯಾಲಯ ಮೊದಲ ಮೆಟ್ಟಿಲಲ್ಲೇ ಕೇಳಬಹುದಾದ ದಾವೆಗಳು ಕೆಲವೇ: ರಾಯಭಾರಿಗಳವು, ರಾಜ್ಯಗಳು ಕಕ್ಷಿಗಳಾದವು. ಮಾರ್ಬರಿ ಎರಡೂ ಅಲ್ಲ. 1789ರ ನ್ಯಾಯಾಂಗ ಕಾಯಿದೆಯ 13ನೇ ಕಲಮು ಅಂಥ ಅಧಿಕಾರ ಕೊಟ್ಟಿದ್ದರೆ ಆ ಕಲಮೇ ಅಸಿಂಧು. ಕೈಗೆ ಬಂದ ಸಣ್ಣ ಅಧಿಕಾರವೊಂದನ್ನು ಬೇಡವೆಂದು, ಸಂಸತ್ತಿನ ಕಾನೂನನ್ನು ತೂಗಿ ತಳ್ಳುವ ಹಿರಿಯ ಅಧಿಕಾರವನ್ನು ನ್ಯಾಯಾಲಯ ತನ್ನದಾಗಿಸಿಕೊಂಡಿತು. ಜೆಫರ್ಸನ್‌ಗೆ ಧಿಕ್ಕರಿಸಲು ಆಜ್ಞೆಯೇ ಇರಲಿಲ್ಲ. ತೀರ್ಪಿನ ಮೇಲಿನ ಕಿಚ್ಚು ಅವರಲ್ಲಿ ಆರಲೂ ಇಲ್ಲ. 1823ರಲ್ಲಿ ನ್ಯಾಯಮೂರ್ತಿ ವಿಲಿಯಂ ಜಾನ್ಸನ್‌ಗೆ ಬರೆದ ಕಾಗದದಲ್ಲೂ, ಅಧಿಕಾರವಿಲ್ಲವೆಂದ ಮೇಲೆ ಉಪದೇಶವೇಕೆ ಎಂದು ಆಕ್ಷೇಪಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ.

ಮಾರ್ಬರಿ ತೀರ್ಪಾದ ಆರೇ ದಿನಕ್ಕೆ, 16 ಹುದ್ದೆಗಳನ್ನು ಅಳಿಸಿದ 1802ರ ಕಾನೂನಿನ ಪ್ರಶ್ನೆ ಅದೇ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಪೀಠ ಆ ಕಾನೂನನ್ನು ತಣ್ಣಗೆ ಎತ್ತಿಹಿಡಿಯಿತು. ಗೆದ್ದ ಅಸ್ತ್ರವನ್ನು ಯಾವಾಗ ಬಳಸಬಾರದೆಂಬುದು ಆ ನ್ಯಾಯಮೂರ್ತಿಗಳಿಗೆ ತಿಳಿದಿತ್ತು. 1835ರಲ್ಲಿ ಸಾಯುವವರೆಗೂ ಮಾರ್ಷಲ್ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಸಂಸತ್ತಿನ ಇನ್ನಾವ ಕಾನೂನನ್ನೂ ಅವರ ಪೀಠ ಅಸಿಂಧುವೆನ್ನಲಿಲ್ಲ. ಮಾರ್ಬರಿಗೆ ಆ ಹುದ್ದೆ ಸಿಗಲೇ ಇಲ್ಲ. ಅಸ್ತ್ರ ಎರಡನೆಯ ಸಲ ಹೊರಬಂದದ್ದು 1857ರಲ್ಲಿ, ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿಯ ಕೈಯಲ್ಲಿ. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆ ಬೇಡಿ ಬಂದಿದ್ದ; ಒಕ್ಕೂಟದ ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಹಕ್ಕು ಸಂಸತ್ತಿಗಿಲ್ಲವೆಂದು ಆ ನ್ಯಾಯಾಲಯ ಸಾರಿತು.