ಒಂದೇ ತೋಳಿನ ಸ್ವೆಟರ್: ಗ್ರಾಂಟ್ ರೋಡಿನ ಉಲ್ಲನ್ ಕಥೆ

ವಿಡಿಯೋ ನೋಡಿದವರಿಗೆ ನನ್ನ ಮಡಿಲಲ್ಲಿದ್ದ ಆ ಪಾಚಿ ಹಸಿರು ಬಣ್ಣದ ಗಂಟು ನೆನಪಿರಬಹುದು. ಅದೇನು ಅಂತ ಬಹಳ ಜನ ಕೇಳಿದ್ರಿ. ಅದು ಒಂದು ಸ್ವೆಟರ್. ಸರಿಯಾಗಿ ಹೇಳಬೇಕೆಂದರೆ ಮುಕ್ಕಾಲು ಸ್ವೆಟರ್. ಮುಂಭಾಗ ಇದೆ, ಹಿಂಭಾಗ ಇದೆ, ತೋಳು ಮಾತ್ರ ಒಂದೇ. ಗ್ರಾಂಟ್ ರೋಡಿನ ಚಾಳಿನ ಖೋಲಿ ಖಾಲಿ ಮಾಡುವಾಗ ನಮ್ಮ ಅತ್ತೆಯ ತಗಡಿನ ಟ್ರಂಕಿನ ತಳದಲ್ಲಿ ಸಿಕ್ಕಿತು. ಹಳೇ ಪಂಚೆಯ ತುಂಡಿನಲ್ಲಿ ಬೇವಿನ ಎಲೆ ಹಾಕಿ ಸುತ್ತಿಟ್ಟಿದ್ದರು. ಬೇವಿನ ಎಲೆ ಪುಡಿಯಾಗಿತ್ತು. ಹುಳು ಮಾತ್ರ ತನ್ನ ಕೆಲಸ ಮಾಡಿತ್ತು, ಬೆನ್ನಿನ ಮೇಲ್ಭಾಗ ಪೂರ್ತಿ ಜರಡಿ.

"ಅತ್ತೇ, ಇದೆಂತದ್ದು?" ಅಂದೆ.

"ಅದಾ? ಯುದ್ಧದ್ದು ಮಾರಾಯ್ತಿ. ಯುದ್ಧ ಮುಗೀತು, ನನ್ನ ತೋಳು ಮುಗೀಲಿಲ್ಲ" ಅಂದರು. ಅಷ್ಟು ಹೇಳಿ ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಸುತ್ತತೊಡಗಿದರು. ಕೈಗೆ ಸಿಕ್ಕಬಾರದ್ದು ಸಿಕ್ಕ ಹಾಗೆ.

ನಾನು ಹೆಣಿಗೆ ಕಲಿತು ಆರು ವರ್ಷ ಆಯ್ತು. ಹವ್ಯಾಸಕ್ಕೆ ಅಷ್ಟೇ. ಈ ಆರು ವರ್ಷದಲ್ಲಿ ನೂರು ಸಲವಾದರೂ ಕೇಳಿಸಿಕೊಂಡ ಪ್ರಶ್ನೆ ಒಂದೇ: ಮುಂಬೈಯಲ್ಲಿ ಉಲ್ಲನ್ ಯಾಕೆ? ನ್ಯಾಯವಾದ ಪ್ರಶ್ನೆಯೇ. ಜನವರಿಯ ಬೆಳಗಿನ ಜಾವ 16–17 ಡಿಗ್ರಿಗೆ ಇಳಿದರೆ ಇಲ್ಲಿ ಅದೇ ದೊಡ್ಡ ಚಳಿ. ಉಳಿದ ತಿಂಗಳಲ್ಲಿ ಅಂಗೈ ಬೆವರಿ ಅಲ್ಯೂಮಿನಿಯಂ ಕಡ್ಡಿ ಅಂಟುತ್ತದೆ, ದಾರ ಜಾರುವುದೇ ಇಲ್ಲ. ನಾನು ಕೊನೆಗೆ ಬಿದಿರಿನ ಕಡ್ಡಿಗೆ ಬದಲಾದೆ. ಆದರೆ ಉಲ್ಲನ್ ಅಂದರೆ ಚಳಿ, ಚಳಿ ಅಂದರೆ ಉಲ್ಲನ್ ಅನ್ನೋದು ಪೂರ್ತಿ ಸರಿಯಲ್ಲ. ಅದನ್ನು ಗ್ರಾಂಟ್ ರೋಡಿನಲ್ಲೇ ನೋಡಬಹುದು.

1835ರಿಂದ 1838ರವರೆಗೆ ಮುಂಬೈ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್‌ನ ಹೆಸರು ಈ ರಸ್ತೆಗೆ. ಇಲ್ಲಿ ಸುತ್ತಮುತ್ತ ಪಾರ್ಸಿಗಳ ಕಾಲೊನಿ, ಅಗ್ಯಾರಿ, ಇರಾನಿ ಹೋಟೆಲು, ಅದರ ಪಕ್ಕಕ್ಕೇ ನಮ್ಮ ಉಡುಪಿ ಹೋಟೆಲು. ಪಾರ್ಸಿಗಳು ಸೊಂಟಕ್ಕೆ ಕಟ್ಟುವ ಪವಿತ್ರ ದಾರ ಇದೆಯಲ್ಲ, ಕುಸ್ತಿ, ಅದು ಕುರಿಮರಿಯ ಉಣ್ಣೆಯದು. 72 ಎಳೆ. ಅವರ ಯಸ್ನ ಗ್ರಂಥದ 72 ಅಧ್ಯಾಯಗಳ ಲೆಕ್ಕ ಅದು. ಪುರೋಹಿತ ಮನೆತನದ ಹೆಂಗಸರು ತಲೆತಲಾಂತರದಿಂದ ನೇಯ್ದುಕೊಂಡು ಬಂದದ್ದು. ಒಳಗೆ ಟೊಳ್ಳಾಗಿ, ಕೊಳವೆಯ ಹಾಗೆ ನೇಯ್ದು, ಆಮೇಲೆ ಒಳಗಿನದನ್ನು ಹೊರಗೆ ತಿರುಗಿಸುತ್ತಾರೆ. ಆ ಉಣ್ಣೆಗೂ ಚಳಿಗೂ ಸಂಬಂಧವೇ ಇಲ್ಲ, ಮೇ ತಿಂಗಳ ಸೆಖೆಯಲ್ಲೂ ಕಟ್ಟಬೇಕು. ನಮ್ಮ ಕಡೆಯ ಕಂಬಳಿಯನ್ನೇ ನೋಡಿ. ಕುರುಬರು ದಕ್ಖಣಿ ಕುರಿಯ ಒರಟು ಉಣ್ಣೆಯಿಂದ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಗಟ್ಟಿ ಮಾಡಿದ್ದು. ಮಲೆನಾಡಿನಲ್ಲಿ ಅದನ್ನು ಚಳಿಗೆ ಹೊದ್ದಷ್ಟೇ ಮಳೆಗೂ ಹೊದ್ದಿದ್ದಾರೆ.

ಇವೆರಡೂ ನೇಯ್ಗೆ, ಹೆಣಿಗೆಯಲ್ಲ. ನೇಯ್ಗೆಗೆ ಹಾಸು-ಹೊಕ್ಕು ಬೇಕು. ಹೆಣಿಗೆಯಲ್ಲಿ ಒಂದೇ ದಾರ, ಕುಣಿಕೆಯೊಳಗೆ ಕುಣಿಕೆ. ಇದು ಚಳಿದೇಶದವರ ವಿದ್ಯೆ ಅಂತ ನಾನೂ ತಿಳಿದಿದ್ದೆ. ಆದರೆ ಜಗತ್ತಿನಲ್ಲಿ ಸಿಕ್ಕಿರುವ ಬಹಳ ಹಳೆಯ ಹೆಣಿಗೆಯ ತುಂಡುಗಳು ಈಜಿಪ್ಟಿನ ಕಾಲುಚೀಲಗಳು. ಹತ್ತಿಯವು, ನೀಲಿ-ಬಿಳಿ! ಯುರೋಪಿಗೆ ಹೋಗಿ ಅದು ಉಲ್ಲನ್ನಿನದಾಯ್ತು. ನಮ್ಮ ಕರಾವಳಿ ಪೇಟೆಗಳಿಗೆ 19ನೇ ಶತಮಾನದಲ್ಲಿ ಮಿಷನರಿಗಳ ಹೆಣ್ಣುಮಕ್ಕಳ ಶಾಲೆ, ಇಂಗ್ಲಿಷ್ ಅಧಿಕಾರಿಗಳ ಹೆಂಡತಿಯರು, ಇವರ ಕೈಯಿಂದ ವಾಪಸು ಬಂತು. ಬರುವಾಗ ಒಂದಷ್ಟು ಸೇನಾಪತಿಗಳ ಹೆಸರನ್ನೂ ಹೊತ್ತುಕೊಂಡು ಬಂತು.

ಮುಂದೆ ಗುಂಡಿ ಇರುವ ಸ್ವೆಟರಿಗೆ ಕಾರ್ಡಿಗನ್ ಅಂತೀವಿ. 1854ರ ಅಕ್ಟೋಬರ್ 25ರಂದು ಕ್ರಿಮಿಯಾ ಯುದ್ಧದಲ್ಲಿ ರಷ್ಯನ್ ಫಿರಂಗಿಗಳ ಎದುರಿಗೆ ಕುದುರೆಪಡೆಯನ್ನು ನುಗ್ಗಿಸಿದ ಅರ್ಲ್ ಆಫ್ ಕಾರ್ಡಿಗನ್ ಅವನು. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ತೋಳಿಗೆ ರ್‍ಯಾಗ್ಲನ್ ಅಂತೀವಿ. ಅದೇ ಯುದ್ಧದಲ್ಲಿ ಬ್ರಿಟಿಷ್ ಪಡೆಯ ದಂಡನಾಯಕ ಲಾರ್ಡ್ ರ್‍ಯಾಗ್ಲನ್. ವಾಟರ್ಲೂನಲ್ಲಿ ಬಲಗೈ ಕಳೆದುಕೊಂಡವನು. ಆ ಕಾಳಗ ನಡೆದ ಊರು ಬಾಲಕ್ಲಾವಾ. ಮುಖ ಬಿಟ್ಟು ತಲೆ-ಕತ್ತು ಮುಚ್ಚುವ ಹೆಣೆದ ಟೋಪಿಗೆ ಆಮೇಲೆ ಆ ಊರಿನ ಹೆಸರೇ ಬಿತ್ತು. ನಮ್ಮಲ್ಲಿ ಅದೇ ಮಂಕಿ ಕ್ಯಾಪ್. ಜನವರಿಯಲ್ಲಿ ನಮ್ಮ ವಾಚ್‌ಮನ್ ಹಾಕೋದು ಅದನ್ನೇ. ತಮಾಷೆ ನೋಡಿ, ಅದೇ 1854ರಲ್ಲಿ ಗ್ರಾಂಟ್ ರೋಡಿನ ಪಕ್ಕದ ತಾಡದೇವ್‌ನಲ್ಲಿ ಕಾವಸ್‌ಜಿ ನಾನಾಭಾಯ್ ದಾವರ್ ಮುಂಬೈಯ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದರು. ಯಂತ್ರದ ನೂಲು ಈ ಬೀದಿಗೆ ಬಂದ ಹೊತ್ತಿಗೇ ಕೈಹೆಣಿಗೆಗೆ ಆ ಹೆಸರುಗಳ ಬೀಜ ಬಿದ್ದದ್ದು.

ನನಗೆ ಹೆಚ್ಚು ತಲೆನೋವು ಕೊಟ್ಟ ಹೆಸರು ಮಾತ್ರ ಕಿಚನರ್. ಎರಡು ತುಂಡಿನ ಬಿಚ್ಚು ಕುಣಿಕೆಗಳನ್ನು ದಬ್ಬಣದಿಂದ ಹೊಲಿದು, ನಡುವೆ ಗೆರೆಯೇ ಕಾಣದಂತೆ ಸೇರಿಸುವುದಕ್ಕೆ ಕಿಚನರ್ ಸ್ಟಿಚ್ ಅನ್ನುತ್ತಾರೆ. 1902ರಿಂದ 1909ರವರೆಗೆ ಭಾರತದ ಸೇನಾಪತಿ ಆಗಿದ್ದ ಅದೇ ಲಾರ್ಡ್ ಕಿಚನರ್. 1914ರಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾದ. ಸೈನಿಕರ ಕಾಲುಚೀಲದ ತುದಿಯ ಹೊಲಿಗೆ ಬೆರಳಿಗೆ ಉಜ್ಜಿ ಹುಣ್ಣಾಗುತ್ತದೆ ಅಂತ ಅವನೇ ಈ ಉಪಾಯ ಕಂಡುಹಿಡಿದ ಅಂತ ಕಥೆ ಕಟ್ಟಿದರು. ಆದರೆ ಈ ಜೋಡಣೆ ಅವನಿಗಿಂತ ಹಿಂದಿನದು, ಅಡುಗೆಮನೆ ಪಕ್ಕ ಕೂತು ಹರಿದ ಕಾಲುಚೀಲ ಸರಿಮಾಡುತ್ತಿದ್ದ ಹೆಂಗಸರದ್ದು. ಇದೇ ಕಿಚನರ್ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಹೊಲಮನೆ ಸುಡಿಸಿ, ಹೆಂಗಸರು ಮಕ್ಕಳನ್ನು ಶಿಬಿರಗಳಿಗೆ ತಳ್ಳಿಸಿದವನು. 26,000ಕ್ಕಿಂತ ಹೆಚ್ಚು ಬೋಯರ್ ಹೆಂಗಸರು, ಮಕ್ಕಳು ಅಲ್ಲಿ ಸತ್ತರು. ಕಪ್ಪು ಜನರ ಶಿಬಿರಗಳ ಸಾವು ಬೇರೆ. ಅದಕ್ಕೇ ಈಗ ಎಷ್ಟೋ ಹೆಣಿಗೆಯವರು ಆ ಹೆಸರು ಹೇಳುವುದಿಲ್ಲ. ನಾನೂ ಬಿಟ್ಟಿದ್ದೇನೆ. "ಗುಟ್ಟು ಜೋಡಣೆ" ಅಂತ ನನ್ನದೇ ಹೆಸರು ಇಟ್ಟುಕೊಂಡಿದ್ದೇನೆ, ಬೇಕಿದ್ದರೆ ನೀವೂ ತಗೊಳ್ಳಿ.

ಹೇಳಬೇಕೆಂದಿರುವುದು ಇಷ್ಟೇ: ಯುದ್ಧ ಮಾಡಿಸಿದವರ ಹೆಸರು ಉಡುಪಿಗೆ ಬಂತು. ಕುಣಿಕೆ ಹಾಕಿದವರ ಲೆಕ್ಕ ಯಾರೂ ಇಡಲಿಲ್ಲ. 1914ರ ಚಳಿಗಾಲದಲ್ಲಿ ಮುಂಬೈ, ಕರಾಚಿ ಬಂದರುಗಳಿಂದ ಹಡಗು ಹತ್ತಿ ಫ್ರಾನ್ಸಿನ ಕೆಸರಿಗೆ ಇಳಿದ ನಮ್ಮ ಸಿಪಾಯಿಗಳಿಗೆ ಬೆಚ್ಚನೆಯ ಬಟ್ಟೆ ಸಾಲಲಿಲ್ಲ. 1962ರಲ್ಲೂ ಅದೇ ಕಥೆ. ನಾಮ್ಕಾ ಚು ಕಣಿವೆಯಲ್ಲಿ ನಮ್ಮ ಜವಾನರು ಹತ್ತಿಯ ಬೇಸಿಗೆ ಸಮವಸ್ತ್ರದಲ್ಲಿ ನಿಂತಿದ್ದರು. ಆಗ ದೇಶದ ತುಂಬ ಹೆಂಗಸರು ಬಂಗಾರ ಬಿಚ್ಚಿಕೊಟ್ಟರು, ಸ್ವೆಟರ್ ಹೆಣೆದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅದೇ ವರ್ಷ ಉತ್ತರ ಮುಂಬೈಯಿಂದ ಗೆದ್ದಿದ್ದವರು, ನವೆಂಬರ್ ಹೊತ್ತಿಗೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಹೋದವರು ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣ್.

ಆಗ ಅತ್ತೆಗೆ 17 ವರ್ಷ. ಅವರ ಅಪ್ಪ ಕುಂದಾಪುರದ ಕಡೆಯಿಂದ ಬಂದು ಹೋಟೆಲ್ ಅಡುಗೆಮನೆಯಲ್ಲಿದ್ದವರು. ಯಾವುದೋ ಮಹಿಳಾ ಮಂಡಳಿಯವರು ಚಾಳಿಗೆ ಬಂದು, ಹೆಸರು ಬರೆದುಕೊಂಡು ಹಸಿರು ಉಲ್ಲನ್ ಹಂಚಿದರಂತೆ. ಅತ್ತೆಗೆ ಹೆಣಿಗೆ ಬರುತ್ತಲೇ ಇರಲಿಲ್ಲ. ಆದರೂ ಕೈ ಚಾಚಿದರು. ಕಲಿಸಿದ್ದು ಕೆಳಮಹಡಿಯ ಪಾರ್ಸಿ ಅಜ್ಜಿ. ಅವರ ಮೊಮ್ಮಕ್ಕಳ ಹಾಗೇ ಚಾಳಿನವರೆಲ್ಲ ಮಮಯ್‌ಜಿ ಅಂತಿದ್ದರಂತೆ. ಮಮಯ್‌ಜಿಗೆ ಕನ್ನಡ ಬರದು, ಅತ್ತೆಗೆ ಗುಜರಾತಿ ಬರದು. ಉಲ್ಟಾ, ಸುಲ್ಟಾ, ಈ ಎರಡು ಶಬ್ದದಲ್ಲೇ ಪಾಠ ಆಯ್ತು.

ಲೆಕ್ಕ ಹಾಕಿ ನೋಡಿದೆ. 10 ನಂಬರ್ ಕಡ್ಡಿಯಲ್ಲಿ ಅತ್ತೆಯ ಕೈಗೆ 10 ಸೆಂಟಿಮೀಟರಿಗೆ 28 ಕುಣಿಕೆ ಬಂದಿದೆ. ಎದೆಸುತ್ತು 100 ಸೆಂಟಿಮೀಟರ್, ಅಂದರೆ ಒಂದು ಸುತ್ತಿಗೆ 280. ಉದ್ದಕ್ಕೆ ಸುಮಾರು 234 ಸಾಲು. ಮೈಗೇ 65,000 ಕುಣಿಕೆ, ತೋಳೆರಡಕ್ಕೆ ಇನ್ನೊಂದು 30,000. ನಿಮಿಷಕ್ಕೆ 25 ಕುಣಿಕೆ ಹಾಕುವವರು ದಿನಕ್ಕೆ ಎರಡು ಗಂಟೆ ಕೂತರೆ 32 ದಿನ ಬೇಕು. ಚೀನಾ ಯುದ್ಧ ಅಕ್ಟೋಬರ್ 20ಕ್ಕೆ ಶುರುವಾಗಿ ನವೆಂಬರ್ 21ಕ್ಕೆ ಕದನವಿರಾಮ. ಹೊಸದಾಗಿ ಕಲಿತ ಕೈಗೆ ಆ ಯುದ್ಧ ಒಂದು ತೋಳಿನಷ್ಟು ಚಿಕ್ಕದಾಯ್ತು.

ಆಮೇಲೆ ಮುಗಿಸಬಹುದಿತ್ತಲ್ಲ ಅಂದೆ. ಮಮಯ್‌ಜಿ ಡಿಸೆಂಬರಿನಲ್ಲಿ ಹಾಸಿಗೆ ಹಿಡಿದರಂತೆ, ತೋಳು ಕೂರಿಸುವುದು ಹೇಗೆಂದು ಹೇಳುವವರಿಲ್ಲ. ಮಂಡಳಿಯವರೂ ಮತ್ತೆ ಬರಲಿಲ್ಲ. "ಅದು ಜವಾನನ ಉಲ್ಲನ್ ಅಲ್ದಾ? ನಾನು ಕದ್ದ ಹಾಗೇ ಆಯ್ತಲ್ಲ. ಯಾರಿಗೆ ಹೇಳುದು?" ಅಂದರು. ಅರವತ್ತು ವರ್ಷ ಆ ಟ್ರಂಕಿನ ಮೇಲೆ ಹಾಸಿಗೆ ಸುತ್ತಿಟ್ಟು, ಮದುವೆಯಾಗಿ, ಮಕ್ಕಳನ್ನು ಸಾಕಿ, ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಮುಗಿಸೋಣ ಅಂತ ನಾನೇ ಹಠ ಹಿಡಿದೆ. ಮೊದಲು ಅದೇ ಬಣ್ಣದ ದಾರ ಹುಡುಕಿದೆ. ಅಂಗಡಿಯವರು ಮೆಹೆಂದಿ ಹಸಿರು, ಬಾಟಲ್ ಹಸಿರು ಅಂತ ಹತ್ತು ಉಂಡೆ ಮುಂದೆ ಸುರಿದರು, ಒಂದೂ ಹೊಂದಲಿಲ್ಲ. ಹೆಚ್ಚಿನವು ಅಕ್ರಿಲಿಕ್ ಬೇರೆ. ಒಂದು ಎಳೆಗೆ ಬೆಂಕಿ ತಾಗಿಸಿದರೆ ಗೊತ್ತಾಗುತ್ತದೆ: ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅತ್ತೆಯದು ಬೂದಿಯಾಯ್ತು.

ಉಳಿದದ್ದು ಒಂದೇ ದಾರಿ. ಇರುವ ಒಂದು ತೋಳು ಬಿಚ್ಚಿ, ಆ ದಾರದಲ್ಲಿ ಹುಳು ತಿಂದ ಬೆನ್ನು ಹೆಣೆದು, ತೋಳಿಲ್ಲದ ಸ್ವೆಟರ್ ಮಾಡುವುದು. ಬಿಚ್ಚುವ ಮೊದಲು ಅತ್ತೆಯ ಹೆಣಿಗೆಯನ್ನು ದೀಪದ ಕೆಳಗೆ ಹಿಡಿದು ಓದಿದೆ. ಉಲ್ಟಾ ಸಾಲುಗಳು ಸ್ವಲ್ಪ ಸಡಿಲ, ಹೊಸ ಕೈಯ ಗುರುತು. ತೋಳಿನ ನಡುವೆ ನಾಲ್ಕು ಸಾಲು ಪೂರ್ತಿ ತಪ್ಪು. ನನ್ನ ಇತಿಹಾಸದ ತಲೆ ಓಡಿತು: ನವೆಂಬರ್ ಮೂರನೇ ವಾರ, ಬೊಮ್ಡಿಲಾ ಬಿದ್ದ ಸುದ್ದಿ, ನೆಹರೂ ರೇಡಿಯೋ ಭಾಷಣ, ಹುಡುಗಿಯ ಕೈ ನಡುಗಿದೆ! ಅತ್ತೆಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. "ಎಂತ ಬೊಮ್ಡಿಲಾ ಮಾರಾಯ್ತಿ! ಎದುರು ಗ್ಯಾಲರಿಯಲ್ಲಿ ನಿನ್ನ ಮಾವ ನಿಂತಿರ್ತಿದ್ರು."

ಬಿಚ್ಚುವ ಕೆಲಸ ಅತ್ತೆಯೇ ಮಾಡಿದರು. ಹಳೇ ಉಣ್ಣೆ ಬಿಚ್ಚಿದರೆ ನೇರವಾಗಿ ಬರುವುದಿಲ್ಲ, ಶಾವಿಗೆಯ ಹಾಗೆ ಸುರುಳಿ. ಕುರ್ಚಿಯ ಬೆನ್ನಿಗೆ ಸುತ್ತಿ, ಒದ್ದೆ ಮಾಡಿ, ಕೆಳಗೆ ಭಾರ ಕಟ್ಟಿ ಒಣಗಿಸಿದೆವು. ನನ್ನ ಕೈ ಅತ್ತೆಯ ಕೈಗಿಂತ ಸಡಿಲ. ಅದೇ ಕಡ್ಡಿಯಲ್ಲಿ ನನಗೆ 26 ಕುಣಿಕೆ ಬರುತ್ತದೆ. ಎರಡೇ ಕುಣಿಕೆ ಅನ್ನಬೇಡಿ. 280 ಕುಣಿಕೆಗೆ 100 ಸೆಂಟಿಮೀಟರ್ ಆಗಬೇಕಾದದ್ದು 107 ದಾಟುತ್ತದೆ. ಮೊದಲ ಸಲ ಬೆನ್ನು ಲಂಗದ ಹಾಗೆ ಅಗಲಕ್ಕೆ ಹೋಯ್ತು. ಬಿಚ್ಚಿದೆ. 11 ನಂಬರ್ ತಗೊಂಡೆ (ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಪೂರ), ಆಗ ಹೊಂದಿತು. ಮುಂಭಾಗದ ಭುಜದ ಕುಣಿಕೆಗಳನ್ನು ಅತ್ತೆ ಬಿಳಿ ದಾರಕ್ಕೆ ಪೋಣಿಸಿಟ್ಟಿದ್ದರು, ಹಾಗೇ ಇದ್ದವು. ಗುಟ್ಟು ಜೋಡಣೆ ಬಲಭುಜದಲ್ಲಿ ಚೆನ್ನಾಗಿ ಬಂತು. ಎಡಕ್ಕೆ ಎಲ್ಲೋ ದಬ್ಬಣ ತಪ್ಪು ಕಡೆಯಿಂದ ಹಾಕಿದೆ, ಒಂದು ಸಣ್ಣ ಏಣು ಉಳಿದಿದೆ. ನಾಲ್ಕು ಸಲ ಬಿಚ್ಚಿದ ಮೇಲೆ ದಾರ ನವೆಯುತ್ತಿತ್ತು, ಬಿಟ್ಟೆ.

ಕೊನೆಗೆ ಕುತ್ತಿಗೆ ಪಟ್ಟಿಗೆ ದಾರ ಸಾಲದೆ ಬಂತು. ತೋಳಿನ ಮಣಿಕಟ್ಟಿನ ಪಟ್ಟಿ ಇನ್ನೂ ಬಿಚ್ಚದೆ ಉಳಿದಿತ್ತು, ನಾಲ್ಕು ಬೆರಳು ಅಗಲದ್ದು. ಅದನ್ನು ಕೊಡಿ ಅಂದೆ. ಅತ್ತೆ ಕೊಡಲಿಲ್ಲ. "ಇದು ನಾನು ಹಾಕಿದ್ದಲ್ಲ. ಮಮಯ್‌ಜಿ ತೋರಿಸ್ಲಿಕ್ಕೆ ಹಾಕಿದ್ದು" ಅಂದರು. ನೋಡಿದರೆ ಹೌದು, ಆ ಪಟ್ಟಿಯಲ್ಲಿ ಉಲ್ಟಾ ಸಾಲೂ ಬಿಗಿ, ಸುಲ್ಟಾ ಸಾಲೂ ಬಿಗಿ, ಅಳೆದು ಹಾಕಿದ ಹಾಗೆ. ಅದೀಗ ಒಂದು ಸೇಫ್ಟಿ ಪಿನ್ನಿಗೆ ಪೋಣಿಸಿ ಅತ್ತೆಯ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ.

ಕುತ್ತಿಗೆ ಪಟ್ಟಿ ಎಂಟು ಸಾಲು ಬರಬೇಕಿತ್ತು, ಆರಕ್ಕೆ ನಿಲ್ಲಿಸಿದೆ. ಸ್ವೆಟರನ್ನು ಯಾರಿಗೆ ಕೊಡುವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಜವಾನನಿಗೇ ಹೋಗಬೇಕು ಅನ್ನೋದು ಅತ್ತೆಯ ಹಠ. ಮೊನ್ನೆ ಕೆಳಗಿನ ವಾಚ್‌ಮನ್ ಹತ್ತಿರ "ನೀನು ಮಿಲಿಟರಿಯಲ್ಲಿ ಇದ್ದಿದ್ಯಾ?" ಅಂತ ತಮ್ಮ ಹರಕು ಹಿಂದಿಯಲ್ಲಿ ವಿಚಾರಿಸುತ್ತಿದ್ದರು.