ಇಳಕಲ್ಲ ಸೀರೆಯ ಕೊಂಡಿ: ಒಂದು ನೇಕಾರ ಪಟ್ಟಣದ ಮನೆದುಡಿಮೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲನ್ನು ಕುರಿತ ಬರಹಗಳು ಸಾಮಾನ್ಯವಾಗಿ ಸೀರೆಯ ಅಂದದಿಂದ ಶುರುವಾಗಿ ನೇಕಾರನ ಕೈಚಳಕಕ್ಕೆ ಬಂದು ನಿಲ್ಲುತ್ತವೆ. ಮಗ್ಗಕ್ಕೆ ಹಾಸು ಏರುವ ಮೊದಲು ಮನೆಯೊಳಗೆ ನಡೆಯುವ ಕೆಲಸಕ್ಕೆ ಸಿಗುವುದು ಒಂದೆರಡು ಸಾಲು. ಈ ಪಟ್ಟಣ ಕೈಮಗ್ಗದ ಊರಾಗಿ ಉಳಿದದ್ದಕ್ಕೆ ಆ ಕೆಲಸವೇ ಮುಖ್ಯ ಕಾರಣವೆಂಬುದು ಇಲ್ಲಿನ ವಾದ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹೆಚ್ಚಾಗಿ ಹತ್ತಿ; ಸೆರಗು, ದಡಿಗಳಿಗೆ ರೇಷ್ಮೆ ಇಲ್ಲವೆ ಕೃತಕ ರೇಷ್ಮೆ. ಎರಡೂ ಹಾಸುಗಳ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕಬೇಕು. ಸೆರಗಿನ ಕೆಂಪು ಭಾಗದಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಅದಕ್ಕೇ ತೋಪ ತೆನಿ ಎಂಬ ಸಾಂಪ್ರದಾಯಿಕ ಮಾದರಿಯ ಸೆರಗಿನ ಮೂರು ಕೆಂಪು ಪಟ್ಟಿಗಳಲ್ಲಿ ಒಡಲಿನ ಬಣ್ಣ ಇಣುಕುವುದಿಲ್ಲ. ನಡುವಿನ ಎರಡು ಬಿಳಿ ಪಟ್ಟಿಗಳು ಆ ಕೆಂಪನ್ನು ಇನ್ನಷ್ಟು ಎತ್ತಿ ತೋರಿಸುತ್ತವೆ. ಈ ಕೊಂಡಿಯ ಬೆಲೆಯೆಂದರೆ ಪ್ರತಿ ಸೀರೆಗೂ ಹಾಸಿನ ಸಿದ್ಧತೆ ಹೊಸದಾಗಿ ಆಗಬೇಕು. ಮಗ್ಗ ನಿಂತಲ್ಲೇ ಕಂಡಿಕೆ ಸುತ್ತುವ, ಎಳೆ ಕೂಡಿಸುವ ಕೈಗಳೂ ಇರಬೇಕು. ಅವು ಬಹುಪಾಲು ಹೆಂಗಸರ ಕೈಗಳು.

ಊರನ್ನು ಉಳಿಸಿದ್ದು ಕೊಂಡಿಯಲ್ಲ, ಮಾರುಕಟ್ಟೆ ಎನ್ನುವವರಿದ್ದಾರೆ. ಉತ್ತರ ಕರ್ನಾಟಕದ ಹೊಲಗೆಲಸದ ಹೆಂಗಸರೂ ಮಹಾರಾಷ್ಟ್ರದಲ್ಲಿ ಒಂಬತ್ತು ಗಜದ ಸೀರೆ ಉಡುವವರೂ ಕೊಂಡದ್ದರಿಂದಲೇ ಈ ಸೀರೆ ಬಾಳಿತೆಂಬುದು ನಿಜ. ಆದರೆ ಬೇಡಿಕೆಯಿಂದ ಸೀರೆ ಏಕೆ ಮಾರಾಟವಾಯಿತೆಂಬುದು ತಿಳಿಯುತ್ತದೆ, ಅದು ಇಲ್ಲಿಯೇ ಏಕೆ ನೇಯ್ಗೆಯಾಯಿತೆಂಬುದು ತಿಳಿಯುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ವಿದ್ಯುತ್ ಮಗ್ಗದಲ್ಲೂ ಇಳಕಲ್ಲ ಸೀರೆ ಬರುತ್ತಿದೆಯಲ್ಲ? ಬರುತ್ತಿದೆ. ವಿದ್ಯುತ್ ಮಗ್ಗಕ್ಕೆ ಲಾಭ ಹುಟ್ಟುವುದು ಹಲವು ಸೀರೆಗಳಿಗಾಗುವ ಉದ್ದನೆಯ ಒಂದೇ ಹಾಸಿನಿಂದ. ಸೀರೆಗೊಮ್ಮೆ ನಿಂತು ಎಳೆ ಕೂಡಿಸುತ್ತಾ ಕೂತರೆ ಆ ಲಾಭವೇ ಇಲ್ಲ. ಹಾಸನ್ನು ಬದಲಿಸದೆ ಹೊಕ್ಕನ್ನಷ್ಟೇ ಬದಲಿಸಿದರೆ ಸೆರಗಿನ ಕೆಂಪಿನಲ್ಲಿ ಒಡಲಿನ ಬಣ್ಣ ಬೆರೆಯುತ್ತದೆ. ಅನುಕರಣೆ ಮೊದಲು ಕೈಬಿಡುವುದು ಕೊಂಡಿಯನ್ನೇ ಆದ್ದರಿಂದ, ಈ ಆಕ್ಷೇಪ ನಮ್ಮ ವಾದಕ್ಕೇ ಸಾಕ್ಷಿಯಾಗುತ್ತದೆ.

ಸೀರೆಯನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯ್ದೆಯಾಗಲಿ, ಭೌಗೋಳಿಕ ಸೂಚಕದ ಮಾನ್ಯತೆಯಾಗಲಿ ಅನುಕರಣೆಯನ್ನು ತಡೆಯಲು ಸಾಲದಾಗಿವೆ. ಎರಡೂ ಕಾಯುವುದು ಸರಕನ್ನು, ಅದರ ಹಿಂದಿನ ದುಡಿಮೆಯನ್ನಲ್ಲ. ಮನೆಯವರ ದುಡಿಮೆ ಲೆಕ್ಕಕ್ಕೆ ಸೇರದೆ ಸೀರೆಯ ಒಟ್ಟು ಕೂಲಿಯಲ್ಲೇ ಕರಗಿಹೋಗುತ್ತದೆ. ಸಹಕಾರ ಸಂಘಗಳೂ ಸರ್ಕಾರವೂ ಮಾಡಬೇಕಾದ ಮೊದಲ ಕೆಲಸ, ಕೊಂಡಿ ಹಾಕುವವರ ಕೂಲಿಯನ್ನು ನೇಯ್ಗೆಯ ಕೂಲಿಯಿಂದ ಬೇರ್ಪಡಿಸಿ ಅವರ ಹೆಸರಿಗೇ ಪಾವತಿಸುವುದು.