ಕರೆಂಟು ಬಂದ ದಾರಿ

ಬೆಂಗಳೂರಿಗೆ ಬಂದು ಹದಿಮೂರು ವರ್ಷವಾಯಿತು. ಆದರೂ ರಾತ್ರಿಯ ಬೆಂಗಳೂರನ್ನು ನಾನು ನೋಡಿದ್ದು ಆಫೀಸ್ ಕ್ಯಾಬಿನ ಕಿಟಕಿಯಿಂದ ಮಾತ್ರ. ಹೋದ ತಿಂಗಳು ಊರಿಂದ ವಾಪಸ್ ಬರುವಾಗ ಕುಣಿಗಲ್‌ನಲ್ಲಿ ಕೊನೇ ಬಸ್ಸು ಸಿಕ್ಕಿತು. ನೆಲಮಂಗಲದ ಜಾಮ್ ದಾಟಿ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಒಂದು ಗಂಟೆ ದಾಟಿತ್ತು. ಬುಕ್ ಮಾಡಿದ ಕ್ಯಾಬು ಎರಡು ಸಲ ಕ್ಯಾನ್ಸಲ್ ಆಯಿತು. ಸರಿ, ಪರವೂರಿನವನ ಥರ ಒಂದು ರೌಂಡ್ ನಡೆದೇ ಬಿಡೋಣ ಅನ್ನಿಸಿತು. ಬೆನ್ನಿಗೆ ಲ್ಯಾಪ್‌ಟಾಪು, ಕೈಯಲ್ಲಿ ಅವ್ವ ಕೊಟ್ಟ ತೆಂಗಿನಕಾಯಿ ಚೀಲ. ಇಂಥ ಟೂರಿಸ್ಟನ್ನು ನೀವು ನೋಡಿರಲಿಕ್ಕಿಲ್ಲ.

ಹೊರಡುವಾಗ ಅಪ್ಪ ಬಸ್ಸಿನವರೆಗೂ ಬಂದಿರಲಿಲ್ಲ. "ಈ ವಾರ ತ್ರೀ ಫೇಸು ರಾತ್ರಿ ಹೊತ್ತು ಕಣಪ್ಪ. ಒಸಿ ಮಲಗಿದ್ದು ಏಳ್ತೀನಿ" ಅಂದಿದ್ದರು. ಕರೆಂಟು ಬಂದಾಗ ಎದ್ದು ಮೋಟ್ರು ಹಾಕಿ, ಟಾರ್ಚ್ ಹಿಡಿದು ಅಡಿಕೆಗೆ ನೀರು ತಿರುಗಿಸಬೇಕು.

ಅದೇ ಮಾತು ತಲೆಯಲ್ಲಿಟ್ಟುಕೊಂಡು ಕೆಂಪೇಗೌಡ ರಸ್ತೆಯಲ್ಲಿ ನಡೆದೆ. ಬಸ್ ಸ್ಟ್ಯಾಂಡ್ ಇರೋ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಈಗ ಅಲ್ಲಿ ಇರೋದು ದೀಪದ ನೀರು ಮಾತ್ರ. ಅವೆನ್ಯೂ ರಸ್ತೆಯಲ್ಲಿ ಎಲ್ಲಾ ಶಟರ್ ಮುಚ್ಚಿದ್ದವು, ಆದರೆ ಒಂದು ಬೋರ್ಡೂ ಆರಿರಲಿಲ್ಲ. ಯಾರೂ ಓದದ ಬೋರ್ಡಿಗೆ ರಾತ್ರಿಯಿಡೀ ಕರೆಂಟು!

ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಹತ್ತಿದ್ದು ಬೆಂಗಳೂರಲ್ಲಿ ಅಂತ ನೀವೂ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ಆರ್ಕ್ ದೀಪ ಉರಿದಿತ್ತು. ಆದ್ದರಿಂದ ಆ ಹೆಮ್ಮೆ ಸ್ವಲ್ಪ ಪಕ್ಕಕ್ಕಿಡೋಣ. ನನಗೆ ಕುತೂಹಲ ಇರೋದು ಕರೆಂಟು ಬಂದ ದಾರಿಯ ಬಗ್ಗೆ.

ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕಾವೇರಿಗೆ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟುವ ಕೆಲಸ ಶುರುವಾಯಿತು. ಅದು ಮುಗಿಯೋ ಮೊದಲೇ, 1901ರಲ್ಲಿ, ಅವರು ತೀರಿಕೊಂಡರು. 1902ರ ಜೂನ್‌ನಲ್ಲಿ ಕರೆಂಟು ಹರಿಯಿತು. ಎಲ್ಲಿಗೆ? ಹತ್ತಿರದ ಹಳ್ಳಿಗಲ್ಲ, ರಾಜರ ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಸೀದಾ ಕೋಲಾರದ ಚಿನ್ನದ ಗಣಿಗೆ. ದುಡ್ಡು ಕೊಡೋ ಗಿರಾಕಿ ಅಲ್ಲಿದ್ದ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷದ ಮೇಲೆ, 1905ರ ಆಗಸ್ಟ್ 5ಕ್ಕೆ. ಮೈಸೂರಿಗೆ 1908ರಲ್ಲಿ. ಮೊದಲು ಚಿನ್ನ, ಆಮೇಲೆ ಪೇಟೆ, ಆಮೇಲೆ ಅರಮನೆಯ ಊರು. ಪಟ್ಟಿಯಲ್ಲಿ ನಮ್ಮೂರು ಎಲ್ಲಿತ್ತು ಅಂತ ಹೇಳಬೇಕಾಗಿಲ್ಲ.

ನಮ್ಮಜ್ಜನಿಗೆ ರಾತ್ರಿಯ ಬೆಳಕು ಅಂದರೆ ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು, 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆಗಳನ್ನೇ ರಂಗಕ್ಕೆ ತಂದ ಕಂಪನಿ. ಅಜ್ಜ ಗಾಡಿ ಕಟ್ಟಿಕೊಂಡು ತುಮಕೂರಿಗೆ ಹೋಗಿ, ಬೆಳಗಿನ ಜಾವದವರೆಗೆ ನಾಟಕ ನೋಡಿ ಬರುತ್ತಿದ್ದನಂತೆ. ಊರಿಗೆ ಬಂದು ಆನೆಗಿಂತ ದೀಪದ ಬಗ್ಗೆಯೇ ಜಾಸ್ತಿ ಹೇಳುತ್ತಿದ್ದನಂತೆ. ಅವನ ಸ್ವಂತ ಮನೆಗೆ ಕರೆಂಟು ಬಂದದ್ದು ಭಾಗ್ಯಜ್ಯೋತಿಯಲ್ಲಿ, ಅವನ ಮುಪ್ಪಿನಲ್ಲಿ. ಒಂದೇ ಬಲ್ಬು, ನಡುಮನೆಗೆ.

ಅವೆನ್ಯೂ ರಸ್ತೆ ಮುಗಿದು ಮಾರ್ಕೆಟ್ ಬಂತು. ಆಚೆ ಕೋಟೆ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಳದಿಂಗಳಲ್ಲಿ ಇಲ್ಲಿ ಗೋಡೆಯೊಡೆದು ನುಗ್ಗಿತು. ಕಿಲ್ಲೇದಾರ ಬಹದ್ದೂರ್ ಖಾನ್ ಕಾದಾಡುತ್ತಲೇ ಸತ್ತ. ಗೋಡೆಯ ಮೇಲೆ ಅದರ ಗುರುತಿನ ಕಲ್ಲು ಇದೆ. ಮಾರ್ಕೆಟ್ ಕಟ್ಟಡಕ್ಕೂ ಮೊದಲು ಇಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆಯಿತ್ತು.

ರಾತ್ರಿ ಎರಡೂವರೆಗೆ ಆ ಮಾರ್ಕೆಟ್ ಹಗಲಿಗಿಂತ ಜೋರಾಗಿರುತ್ತೆ. ಸೇವಂತಿಗೆ, ಕನಕಾಂಬರ, ಬಾಳೆಲೆ, ಹಮಾಲಿಗಳ "ಸೈಡು ಸೈಡು". ಸಾಲಲ್ಲಿ ನಿಂತಿದ್ದ ಒಂದು ಟೆಂಪೋದ ನಂಬರ್ ಕೆಎ 06. ತುಮಕೂರು ಗಾಡಿ! ಕಾಲು ತಾನಾಗಿ ಆ ಕಡೆ ತಿರುಗಿತು. ಗುಬ್ಬಿ ಕಡೆಯವರು, ಅಪ್ಪನಷ್ಟೇ ವಯಸ್ಸು. ಸೇವಂತಿಗೆ ಮೂಟೆ ಇಳಿಸುತ್ತಿದ್ದರು. ನನ್ನ ಚೀಲ ನೋಡಿ "ತೆಂಗಿನಕಾಯಿ ಮಾರಾಕ್ ಬಂದಿಯೇನಪ್ಪ?" ಅಂದರು. ನಗುತ್ತಾ ಊರು ಹೇಳಿದೆ.

"ಅಲ್ಲೂ ರಾತ್ರಿನೇ ಕರೆಂಟಾ?" ಅಂತ ಕೇಳಿದರು.

"ಹೂಂ, ಈ ವಾರ."

"ನಮ್ಗೂ ಅಂಗೇ. ಹೂ ತರೋ ದಿನ ಮೋಟ್ರು ಕಾಯಾಕೆ ಮಗನ್ನ ಬಿಟ್ಟು ಬತ್ತೀನಿ. ಹೋದ್ಸಲ ಬದುವಿನ ತಾವ ಹಾವು ತುಳಿಯೋದು ಒಸೀಲಿ ತಪ್ತು." ಹೇಳಿದ್ದು ಮಳೆ ಸುದ್ದಿ ಹೇಳಿದಷ್ಟೇ ಸಲೀಸಾಗಿ.

ನಮ್ಮ ಜಿಲ್ಲೆಯಲ್ಲಿ ಕರೆಂಟೇ ಹುಟ್ಟೋದಿಲ್ಲ ಅನ್ನೋ ಹಾಗೂ ಇಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆ ಮೇಲೆ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಬಿಸಿಲಿಗೆ ಹುಟ್ಟೋ ಕರೆಂಟು, ಹಗಲಲ್ಲೇ ಹುಟ್ಟುತ್ತೆ. ರೈತರು ಕೇಳೋದೂ ಹಗಲಿನ ಕರೆಂಟನ್ನೇ. ಎರಡರ ನಡುವೆ ಎಲ್ಲೋ ಹಳೇ ಪಟ್ಟಿಯೇ ಇನ್ನೂ ನಡೀತಿದೆ: ದುಡ್ಡು ಕೊಡೋ ಗಿರಾಕಿ ಮೊದಲು. ಆ ಪಟ್ಟಿಯಲ್ಲಿ ಈಗ ನಾನೂ ಮೇಲಿದ್ದೇನೆ. ನನ್ನ ಫ್ಲ್ಯಾಟಿನಲ್ಲಿ ಹತ್ತು ಸೆಕೆಂಡ್ ಕರೆಂಟು ಹೋದರೆ ಜನರೇಟರ್ ಗುರ್ ಅನ್ನುತ್ತೆ.

ಟೀ ಕುಡಿದು ಮನೆಗೆ ಫೋನ್ ಮಾಡಿದೆ. ಮೂರು ಗಂಟೆ ರಾತ್ರಿಯಲ್ಲಿ ಒಂದೇ ರಿಂಗಿಗೆ ಅಪ್ಪ ಎತ್ತಿಕೊಂಡರು. ಹಿಂದೆ ನೀರಿನ ಸದ್ದು.

"ಏನ್ಲಾ, ಇನ್ನೂ ಮಲಗಿಲ್ವಾ?"

"ನೀನು?"

"ಇನ್ನೆಲ್ಡು ಸಾಲು ಐತೆ. ಬೆಳಕಿರೋ ಕಡೆ ನೋಡ್ಕಂಡು ನಡೀಲಾ" ಅಂದು ಫೋನಿಟ್ಟರು.